ರಾಯರ ಮೈಗೆ ಎಳ್ಳೆಣ್ಣೆ

ನಿಮ್ಮ ಇತಿಹಾಸದ ಚಿತ್ರಪುಸ್ತಕದಲ್ಲಿ ಕೃಷ್ಣದೇವರಾಯ ಕಿರೀಟ ಇಟ್ಟುಕೊಂಡು, ಮುತ್ತಿನ ಹಾರ ಹಾಕಿಕೊಂಡು ಕೂತಿರುತ್ತಾನೆ. ದಿನಾ ನಸುಕಿನಲ್ಲಿ ಅವನು ಹೇಗಿರುತ್ತಿದ್ದ ಎನ್ನುವುದನ್ನು 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ: ಸೊಂಟಕ್ಕೊಂದು ತುಂಡು ಬಟ್ಟೆ, ಮೈತುಂಬ ಎಳ್ಳೆಣ್ಣೆ! ಬೆಳಕು ಹರಿಯುವ ಮುಂಚೆಯೇ ರಾಯ ಒಂದು ದೊಡ್ಡ ಲೋಟದಷ್ಟು ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಳ್ಳುತ್ತಿದ್ದನಂತೆ. ಆಮೇಲೆ ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುವುದು, ಹಚ್ಚಿದ ಎಣ್ಣೆಯೆಲ್ಲ ಬೆವರಿನ ಜೊತೆ ಇಳಿದುಹೋಗುವ ತನಕ ಕತ್ತಿ ಬೀಸುವುದು, ತನ್ನ ಜಟ್ಟಿಗಳಲ್ಲಿ ಒಬ್ಬನ ಜೊತೆ ಕುಸ್ತಿ ಆಡುವುದು. ಅಷ್ಟಕ್ಕೂ ಸುಸ್ತಾಗದೆ ಕುದುರೆ ಹತ್ತಿ ಬಯಲಲ್ಲಿ ಓಡಿಸುವುದು. ಸ್ನಾನವೇನಿದ್ದರೂ ಇದೆಲ್ಲ ಮುಗಿದ ಮೇಲೆ. (ಎಣ್ಣೆ ಕುಡಿಯುವುದನ್ನು ರಾಯರಿಗೇ ಬಿಟ್ಟುಬಿಡಿ. ನೀವು ಹಚ್ಚಿಕೊಂಡರೆ ಸಾಕು.)

ಹಂಪಿ ಹತ್ತಿರದ ಹೊಸಪೇಟೆಯನ್ನು ಕಟ್ಟಿಸಿದವನೂ ರಾಯನೇ, ಆಗ ಅದರ ಹೆಸರು ನಾಗಲಾಪುರ. ಅಲ್ಲಿಂದ ಬಳ್ಳಾರಿ ರಸ್ತೆ ಹಿಡಿದರೆ ಪಾಪಿನಾಯಕನಹಳ್ಳಿ ಸಿಗುತ್ತದೆ. ಸುತ್ತ ಕಬ್ಬಿಣದ ಅದಿರಿನ ಗುಡ್ಡಗಳ ಸೀಮೆ. ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳು ಅಂಗಿಯಿಂದ ಹಿಡಿದು ಕಿವಿಯ ಹಿಂದಿನ ಸಂದಿಯವರೆಗೆ ಕೂರುತ್ತದೆ. ಬೇಸಿಗೆಯ ಬಿಸಿಲು 40 ಡಿಗ್ರಿ ಸಲೀಸಾಗಿ ಮುಟ್ಟುತ್ತದೆ, ಚಳಿಗಾಲದಲ್ಲಿ ಹಿಮ್ಮಡಿ ಒಡೆಯುತ್ತದೆ. ಇಂಥ ಕಡೆ ವಾರಕ್ಕೊಮ್ಮೆ ಎಣ್ಣೆ ಹಚ್ಚಿ ತಲೆ ಮೇಲೆ ನೀರು ಎರೆದುಕೊಳ್ಳುವುದು ಯಾರೂ ಶೋಕಿಗೆ ಮಾಡುವ ಕೆಲಸವಲ್ಲ. ಹಂಪಿಯಲ್ಲಿ ಪ್ರವಾಸಿಗರಿಗಾಗಿ ತೂಗುಹಾಕಿರುವ 'ಆಯುರ್ವೇದ ಮಸಾಜ್' ಬೋರ್ಡು ನೋಡಿ, ಇದೇನೋ ದುಡ್ಡು ಕೊಟ್ಟು ಕೊಳ್ಳುವ ವಸ್ತು ಅಂದುಕೊಳ್ಳಬೇಡಿ. ನಮ್ಮೂರ ಬಚ್ಚಲುಮನೆಯಲ್ಲಿ ಇದಕ್ಕೆ ಬೇಕಾದದ್ದು ಒಂದು ಬಟ್ಟಲು ಎಣ್ಣೆ, ಒಂದು ಹಂಡೆ ಬಿಸಿನೀರು, ಬಿಡುವಿರುವ ಎರಡು ಕೈ. ಮೂರನೆಯದೇ ಈಗ ದುಬಾರಿ.

ಆಯುರ್ವೇದದಲ್ಲಿ ಇದಕ್ಕೆ ಅಭ್ಯಂಗ ಎನ್ನುತ್ತಾರೆ. ದಿನಾ ಮಾಡಿಕೊಳ್ಳಬೇಕು, ಅದರಲ್ಲೂ ತಲೆ, ಕಿವಿ, ಪಾದ ಇವುಗಳನ್ನು ಮರೆಯಬಾರದು ಎನ್ನುವುದು ವಾಗ್ಭಟನ 'ಅಷ್ಟಾಂಗಹೃದಯ'ದ ಮಾತು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಮೈಗೆ ಎಣ್ಣೆ ಹಾಗೆ ಎಂದು ಅವನಿಗಿಂತ ಹಿಂದಿನ ಚರಕಸಂಹಿತೆ ಹೇಳುತ್ತದೆ.

ಎಣ್ಣೆಯನ್ನು ನೇರ ಉರಿಯ ಮೇಲೆ ಇಡಬಾರದು. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ತಾನಾಗಿ ಬೆಚ್ಚಗಾಗುತ್ತದೆ. ಮೊದಲು ನೆತ್ತಿಗೆ. ಅಂಗೈಯಲ್ಲಿ ಎಣ್ಣೆ ತುಂಬಿಕೊಂಡು ನಡುನೆತ್ತಿಗೆ ಹಾಕಿ ತಟ್ಟಿದರೆ ಚಪ್ ಚಪ್ ಸದ್ದು ಬರಬೇಕು, ಬಾರದಿದ್ದರೆ ಅಜ್ಜಿಗೆ ಸಮಾಧಾನವಿಲ್ಲ. ತೋಳು, ತೊಡೆಯಂಥ ಉದ್ದ ಮೂಳೆಗಳ ಮೇಲೆ ಕೈ ಉದ್ದಕ್ಕೆ ಓಡುತ್ತದೆ. ಮೊಣಕೈ, ಮಂಡಿ, ಭುಜದಂಥ ಕೀಲುಗಳ ಮೇಲೆ ಸುತ್ತ ತಿರುಗುತ್ತದೆ. ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಹಗುರವಾಗಿ. ಕೊನೆಗೆ ಅಂಗಾಲು, ಅಲ್ಲಿ ಕಚಗುಳಿ ತಡೆದುಕೊಂಡವರೇ ಗಟ್ಟಿಗರು. ಜ್ವರ ಇದ್ದಾಗ, ಅಜೀರ್ಣವಾದಾಗ ಬೇಡ. ಊಟ ಮಾಡಿದ ಕೂಡಲೇ ಬೇಡವೇ ಬೇಡ.

ಎಣ್ಣೆ ಹಿಡಿಯಲು ಸ್ವಲ್ಪ ಹೊತ್ತು ಬಿಟ್ಟು, ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ ಹಚ್ಚಿ ತಿಕ್ಕಬೇಕು. ಸೀಗೆಪುಡಿ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ನಿಮ್ಮ ಅಪ್ಪ-ಅಮ್ಮನನ್ನೇ ಕೇಳಿ! ಮೈಗೆ ಬಿಸಿನೀರು ಒಳ್ಳೆಯದು, ತಲೆಗೆ ಮಾತ್ರ ಬಿಸಿ ಕಡಿಮೆ ಇರಲಿ, ಕಣ್ಣಿಗೂ ಕೂದಲಿಗೂ ಅದು ಒಗ್ಗದು ಎಂಬುದೂ ವಾಗ್ಭಟನ ಎಚ್ಚರಿಕೆಯೇ.

ಕೈಯ ನಿಜವಾದ ಜಾಣತನ ನೋಡಬೇಕಿದ್ದರೆ ಕೂಸಿಗೆ ಎರೆಯುವುದನ್ನು ನೋಡಬೇಕು. ಅಜ್ಜಿ ಬಚ್ಚಲಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಸೀರೆ ಮೊಣಕಾಲಿಗೆ ಸರಿಸಿ, ಕಣಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ಎಣ್ಣೆ ಹಚ್ಚುತ್ತಾ ಕೂಸಿನ ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಮೆಲ್ಲಗೆ ತಾಗಿಸುತ್ತಾಳೆ. ನೀರನ್ನು ಮೊದಲು ತನ್ನ ಮುಂಗೈ ಮೇಲೆ ಹನಿಸಿ ನೋಡುತ್ತಾಳೆ. ತಲೆಗೆ ಎರೆಯುವಾಗ ಎಡ ಅಂಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದರೆ ಕಣ್ಣಿಗೆ ಒಂದು ಹನಿಯೂ ಇಳಿಯುವುದಿಲ್ಲ. ಅತ್ತು ಅತ್ತು ಕೆಂಪಾದ ಕೂಸು, ಒರೆಸಿ ಸುತ್ತಿದ ಮರುಕ್ಷಣವೇ ನಿದ್ದೆಗೆ ಜಾರಿರುತ್ತದೆ.

ವರ್ಷಕ್ಕೊಂದು ದಿನ ಇದೆಲ್ಲ ಮನೆಮಂದಿಗೆಲ್ಲ ಕಡ್ಡಾಯ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಮರುದಿನ ನರಕ ಚತುರ್ದಶಿ, ಕತ್ತಲಿರುವಾಗಲೇ ಆರತಿ, ಎಣ್ಣೆ, ನೀರು.

ಊರು ಬಿಟ್ಟು ಬಂದಿರುವ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಹಂಡೆ ಇಲ್ಲ, ಇರುವುದು ಟಬ್ಬು. ಎಣ್ಣೆ ಬಿದ್ದ ಟಬ್ಬಿನಲ್ಲಿ ಕಾಲು ಜಾರುವುದು ಖಂಡಿತ, ಹಾಗಾಗಿ ಹೊರಗೆ ಹಳೇ ಟವೆಲ್ ಹಾಸಿ ಕೂತು ಹಚ್ಚಿಸಿಕೊಳ್ಳಿ, ಟಬ್ಬಿನ ಒಳಗೆ ರಬ್ಬರ್ ಚಾಪೆ ಇರಲಿ. ಎಣ್ಣೆ ಹಿಡಿದ ಟವೆಲನ್ನು ಮಾತ್ರ ಡ್ರೈಯರ್‌ಗೆ ಹಾಕಲೇಬೇಡಿ, ಒಗೆದ ಮೇಲೂ ಉಳಿದ ಎಣ್ಣೆ ಆ ಬಿಸಿಗೆ ಹೊತ್ತಿಕೊಂಡೀತು. ಅಜ್ಜಿ ಊರಿಂದ ಬಂದಿದ್ದು, ಸ್ನಾನದ ನಂತರ ತಲೆಗೆ ಲೋಬಾನದ ಹೊಗೆ ಹಾಕುತ್ತೇನೆ ಎಂದು ಹಟ ಹಿಡಿದರೆ, ಚಾವಣಿಯಲ್ಲಿರುವ ಹೊಗೆ ಅಲಾರಂ ಎಷ್ಟು ಜೋರಾಗಿ ಕೂಗುತ್ತದೆ ಎಂದು ಮೊದಲೇ ಹೇಳಿಬಿಡಿ.