ಜಸ್ಟಿನಸ್ ಕೆರ್ನರ್

ಜಸ್ಟಿನಸ್ ಆಂಡ್ರಿಯಾಸ್ ಕ್ರಿಶ್ಚಿಯನ್ ಕೆರ್ನರ್ (ಸೆಪ್ಟೆಂಬರ್ 18, 1786 – ಫೆಬ್ರವರಿ 21, 1862) ಜರ್ಮನಿಯ ಕವಿ ಹಾಗೂ ವೈದ್ಯ. ಕೆಟ್ಟ ಆಹಾರದಿಂದ ಉಂಟಾಗುವ ಮಾರಕ ಪಾರ್ಶ್ವವಾಯು ರೋಗವಾದ ಬಾಟ್ಯುಲಿಸಮ್‌ನ ಲಕ್ಷಣಗಳನ್ನು ಮೊದಲ ಬಾರಿಗೆ ಸಮಗ್ರವಾಗಿ ದಾಖಲಿಸಿದವರು ಇವರು. ಸೂಕ್ಷ್ಮಾಣುಜೀವಿಗಳಿಂದ ರೋಗ ಬರುತ್ತದೆ ಎಂಬ ಅರಿವು ವೈದ್ಯಶಾಸ್ತ್ರದಲ್ಲಿ ನೆಲೆಗೊಳ್ಳುವ ಮುನ್ನವೇ ಇವರು ಬರೆದಿಟ್ಟ ರೋಗಲಕ್ಷಣಗಳು ಇಂದಿಗೂ ಬಹುಮಟ್ಟಿಗೆ ಸರಿಯಾಗಿವೆ.

ಬಾಲ್ಯ ಮತ್ತು ಶಿಕ್ಷಣ

ಕೆರ್ನರ್ ಅವರು ವುರ್ಟೆಂಬರ್ಗ್ ಸಂಸ್ಥಾನದ ಲುಡ್ವಿಗ್ಸ್‌ಬರ್ಗ್‌ನಲ್ಲಿ ಜನಿಸಿದರು. ತಂದೆ ಸರ್ಕಾರಿ ಅಧಿಕಾರಿಯಾಗಿದ್ದರು. 1799ರಲ್ಲಿ ತಂದೆ ತೀರಿಕೊಂಡ ನಂತರ ಕೆಲಕಾಲ ಬಟ್ಟೆ ಕಾರ್ಖಾನೆಯೊಂದರಲ್ಲಿ ದುಡಿದರು. 1804ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದರು. ಅಲ್ಲಿ ಕವಿ ಲುಡ್ವಿಗ್ ಊಲಾಂಡ್ ಇವರ ಆಪ್ತಮಿತ್ರರಾದರು. ಮಾನಸಿಕ ಅಸ್ವಸ್ಥತೆಯಿಂದ ಪ್ರಾಧ್ಯಾಪಕ ಔಟೆನ್ರೀತ್ ಅವರ ಚಿಕಿತ್ಸಾಲಯಕ್ಕೆ ದಾಖಲಾಗಿದ್ದ ಕವಿ ಹೋಲ್ಡರ್ಲಿನ್ ಅವರ ಆರೈಕೆಯಲ್ಲಿ ವಿದ್ಯಾರ್ಥಿಯಾಗಿದ್ದ ಕೆರ್ನರ್ ಪಾಲ್ಗೊಂಡಿದ್ದರು.

ವೈದ್ಯವೃತ್ತಿ

ಶಿಕ್ಷಣದ ನಂತರ ವಿಲ್ಡ್‌ಬಾಡ್, ವೆಲ್ಜ್‌ಹೈಮ್ ಮತ್ತು ಗೈಲ್ಡಾರ್ಫ್ ಊರುಗಳಲ್ಲಿ ವೈದ್ಯರಾಗಿ ಕೆಲಸ ಮಾಡಿದರು. 1813ರಲ್ಲಿ ಫ್ರೀಡರಿಕೆ ಏಮನ್ ಅವರನ್ನು ವಿವಾಹವಾದರು. 1819ರಲ್ಲಿ ವೈನ್ಸ್‌ಬರ್ಗ್‌ನ ಸರ್ಕಾರಿ ವೈದ್ಯಾಧಿಕಾರಿಯಾಗಿ ಬಂದು ಜೀವನದ ಕೊನೆಯವರೆಗೂ ಅಲ್ಲಿಯೇ ನೆಲೆಸಿದರು.

ಸಾಸೇಜ್ ವಿಷದ ಅಧ್ಯಯನ

ರಕ್ತ, ಮಾಂಸ ಮತ್ತು ಕೊಬ್ಬನ್ನು ಹಂದಿಯ ಕರುಳು ಅಥವಾ ಜಠರದಲ್ಲಿ ತುಂಬಿ, ಬೇಯಿಸಿ, ಹೊಗೆಯಲ್ಲಿಟ್ಟು ತಯಾರಿಸುವ ಸಾಸೇಜ್ ಆ ಪ್ರದೇಶದ ಜನರ ನಿತ್ಯದ ಆಹಾರವಾಗಿತ್ತು. 1793ರಲ್ಲಿ ವಿಲ್ಡ್‌ಬಾಡ್‌ನಲ್ಲಿ ಇದನ್ನು ತಿಂದು ಅಸ್ವಸ್ಥರಾದ 13 ಮಂದಿಯಲ್ಲಿ 6 ಮಂದಿ ಮೃತಪಟ್ಟಿದ್ದರು. 1802ರಲ್ಲಿ ಸರ್ಕಾರವು ಜನರಿಗೆ ಎಚ್ಚರಿಕೆಯನ್ನೂ ನೀಡಿತ್ತು. ಆದರೂ ಸಾವುಗಳು ನಿಲ್ಲಲಿಲ್ಲ.

ಈ ಕುರಿತು ಕೆರ್ನರ್ ಅವರ ಮೊದಲ ಬರಹ 1817ರಲ್ಲಿ ಪ್ರಕಟವಾಯಿತು. 1820ರ ಗ್ರಂಥದಲ್ಲಿ 76 ರೋಗಿಗಳ ವಿವರಗಳನ್ನೂ 1822ರ ಗ್ರಂಥದಲ್ಲಿ ಒಟ್ಟು 155 ರೋಗಿಗಳ ವಿವರಗಳನ್ನೂ ನೀಡಿದರು. ವಾಂತಿ, ಎರಡೆರಡಾಗಿ ಕಾಣುವ ದೃಷ್ಟಿ, ಜೋತುಬೀಳುವ ರೆಪ್ಪೆಗಳು, ಹಿಗ್ಗಿದ ಕಣ್ಣಪಾಪೆ, ಒಣಗಿದ ಬಾಯಿ, ನುಂಗಲಾಗದ ಸ್ಥಿತಿ, ಕ್ಷೀಣಿಸುವ ಧ್ವನಿ, ಮೂತ್ರ ಕಟ್ಟುವಿಕೆ ಮತ್ತು ಕೊನೆಗೆ ಉಸಿರಾಟದ ಸ್ಥಗಿತ – ಇವು ಅವರು ಗುರುತಿಸಿದ ಮುಖ್ಯ ಲಕ್ಷಣಗಳು. ದೇಹ ಸೋತರೂ ರೋಗಿಯ ಪ್ರಜ್ಞೆ ಕೊನೆಯವರೆಗೂ ಸ್ಪಷ್ಟವಾಗಿರುತ್ತದೆ ಎಂಬುದನ್ನೂ ಅವರು ಗಮನಿಸಿದರು.

ಕೆಟ್ಟ ಸಾಸೇಜ್‌ನಿಂದ ತೆಗೆದ ಸಾರವನ್ನು ಬೆಕ್ಕು, ಮೊಲ, ಕಪ್ಪೆ, ಪಕ್ಷಿ ಮುಂತಾದ ಜೀವಿಗಳ ಮೇಲೆ ಪ್ರಯೋಗಿಸಿದರು. ಬಳಿಕ ಕೆಲವು ಹನಿಗಳನ್ನು ತಮ್ಮ ನಾಲಿಗೆಯ ಮೇಲೆಯೇ ಹಾಕಿಕೊಂಡರು. ಅಂಗುಳು ಮತ್ತು ಗಂಟಲು ಒಣಗಿದವು. ಇಂತಹ ಅಪಾಯಕಾರಿ ಪ್ರಯೋಗವನ್ನು ಔಟೆನ್ರೀತ್ ಆಕ್ಷೇಪಿಸಿದರು. ಗಾಳಿ ಸೋಕದ ಸ್ಥಿತಿಯಲ್ಲಿ ವಿಷ ಉತ್ಪತ್ತಿಯಾಗುತ್ತದೆ, ಅತ್ಯಲ್ಪ ಪ್ರಮಾಣವೂ ಮಾರಕ, ಮತ್ತು ಅದು ತುಕ್ಕು ಹಿಡಿದ ವಿದ್ಯುದ್ವಾಹಕದಂತೆ ನರಗಳ ಸಂದೇಶವಹನವನ್ನು ತಡೆಯುತ್ತದೆ ಎಂದು ಅವರು ತೀರ್ಮಾನಿಸಿದರು. ಆದರೆ ವಿಷವು ಕೊಬ್ಬಿನಿಂದ ಹುಟ್ಟುವ ಆಮ್ಲ ಎಂಬ ಅವರ ಊಹೆ ಸರಿಯಾಗಿರಲಿಲ್ಲ. ಇದೇ ವಿಷವನ್ನು ಸ್ವಲ್ಪ ಪ್ರಮಾಣದಲ್ಲಿ ಕೊಟ್ಟು, ಅಂಗಗಳು ಅನೈಚ್ಛಿಕವಾಗಿ ಚಲಿಸುವ ರೋಗಗಳನ್ನು ಶಮನಗೊಳಿಸಬಹುದೆಂದೂ ಅವರು ಸೂಚಿಸಿದರು.

ನಂತರದ ಸಂಶೋಧನೆಗಳು

ರೋಗದ ಹೆಸರು ಸಾಸೇಜ್ ಎಂಬ ಅರ್ಥದ ಲ್ಯಾಟಿನ್ ಪದ ಬೊಟುಲಸ್‌ನಿಂದ ಬಂದಿದೆ. 1895ರಲ್ಲಿ ಬೆಲ್ಜಿಯಂನ ಎಲ್ಲೆಜೆಲ್ ಗ್ರಾಮದಲ್ಲಿ ಹಂದಿಮಾಂಸ ತಿಂದ ವಾದ್ಯಗಾರರು ಅಸ್ವಸ್ಥರಾಗಿ ಮೂವರು ಸತ್ತಾಗ, ಎಮಿಲ್ ವಾನ್ ಎರ್ಮೆಂಗೆಮ್ ಅವರು ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದರು. ಅದನ್ನು ಈಗ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂದು ಕರೆಯಲಾಗುತ್ತದೆ. ನರತುದಿಗಳಿಂದ ಅಸಿಟೈಲ್‌ಕೋಲಿನ್ ಬಿಡುಗಡೆಯಾಗುವುದನ್ನು ಇದರ ವಿಷವು ತಡೆಯುತ್ತದೆ. ವಿಷನಿರೋಧಕ ಔಷಧ ಮತ್ತು ಕೃತಕ ಉಸಿರಾಟವೇ ಇಂದಿನ ಮುಖ್ಯ ಚಿಕಿತ್ಸೆ. ಔಷಧವು ರೋಗ ಮುಂದುವರಿಯುವುದನ್ನು ತಡೆಯುತ್ತದೆಯೇ ಹೊರತು ಈಗಾಗಲೇ ಆದ ಪಾರ್ಶ್ವವಾಯುವನ್ನು ಹಿಂದೆಗೆಯುವುದಿಲ್ಲ. ಆದ್ದರಿಂದ ಅದನ್ನು ಬೇಗ ನೀಡುವುದು ಅಗತ್ಯ. ಚೇತರಿಕೆಗೆ ವಾರಗಳು ಅಥವಾ ತಿಂಗಳುಗಳು ಬೇಕಾಗುತ್ತವೆ. ವಿಷದ ಔಷಧೀಯ ಬಳಕೆಗೆ ಅಮೆರಿಕದಲ್ಲಿ 1989ರಲ್ಲಿ ಅನುಮತಿ ದೊರೆಯಿತು. ಕೆರ್ನರ್ ಸೂಚಿಸಿದ್ದ ಸಾಧ್ಯತೆ ಹೀಗೆ ನಿಜವಾಯಿತು.

ಸಾಹಿತ್ಯ

ಕೆರ್ನರ್ ಅವರು ಸ್ವಾಬಿಯಾದ ಕವಿವೃಂದದ ಪ್ರಮುಖರು. 1840ರಲ್ಲಿ ರಾಬರ್ಟ್ ಶೂಮನ್ ಅವರು ಇವರ 12 ಕವಿತೆಗಳಿಗೆ ಸಂಗೀತ ಸಂಯೋಜಿಸಿದರು. 1829ರಲ್ಲಿ ಪ್ರಕಟವಾದ ಪ್ರೆವೋರ್ಸ್ಟ್‌ನ ದಾರ್ಶನಿಕೆ ಎಂಬ ಕೃತಿಯು ತಮ್ಮ ರೋಗಿಯಾಗಿದ್ದ ಫ್ರೀಡರಿಕೆ ಹೌಫೆ ಅವರ ಅತೀಂದ್ರಿಯ ಅನುಭವಗಳನ್ನು ಕುರಿತದ್ದು.

ಕೊನೆಯ ದಿನಗಳು

ದೃಷ್ಟಿ ಮಂದವಾದುದರಿಂದ 1851ರಲ್ಲಿ ವೃತ್ತಿಯಿಂದ ನಿವೃತ್ತರಾದರು. 1854ರಲ್ಲಿ ಪತ್ನಿ ನಿಧನರಾದರು. ಕಾಗದದ ಮೇಲೆ ಬಿದ್ದ ಶಾಯಿಯ ಕಲೆಗಳನ್ನು ಮಡಿಚಿ ಚಿತ್ರಗಳನ್ನಾಗಿಸಿ, ಅವುಗಳಿಗೆ ಕವಿತೆಗಳನ್ನು ಬರೆಯುತ್ತಿದ್ದರು; ಇವು ಅವರ ಮರಣಾನಂತರ 1890ರಲ್ಲಿ ಪ್ರಕಟವಾದವು. 1862ರಲ್ಲಿ ವೈನ್ಸ್‌ಬರ್ಗ್‌ನಲ್ಲಿ ನಿಧನರಾದರು. ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಜರ್ಮನಿಯ ಬಿಳಿ ದ್ರಾಕ್ಷಿಯ ತಳಿಯೊಂದಕ್ಕೂ ಅವರ ಹೆಸರನ್ನು ಇಡಲಾಗಿದೆ.