ಕ್ಷಕಿರಣ ವೈದ್ಯ ಹಾಲ್-ಎಡ್ವರ್ಡ್ಸ್

ಮೂಳೆ ಮುರಿದರೆ ವೈದ್ಯರು ಕ್ಷಕಿರಣ ಚಿತ್ರವನ್ನು ತೆಗೆಸಿ ನೋಡುತ್ತಾರೆ. ಇಂದು ಸಾಮಾನ್ಯವೆನಿಸಿರುವ ಈ ಸೌಲಭ್ಯದ ಹಿಂದೆ ಹಲವರ ತ್ಯಾಗವಿದೆ. ಅವರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹಾಲ್-ಎಡ್ವರ್ಡ್ಸ್ ಪ್ರಮುಖರು.

ಹಾಲ್-ಎಡ್ವರ್ಡ್ಸ್ 1858ರಲ್ಲಿ ಜನಿಸಿದರು. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಅವರಿಗೆ ಛಾಯಾಚಿತ್ರಣದಲ್ಲಿಯೂ ಅಪಾರ ಆಸಕ್ತಿಯಿತ್ತು. 1895ರ ನವೆಂಬರಿನಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್‌ಜೆನ್ ಕ್ಷಕಿರಣಗಳನ್ನು ಕಂಡುಹಿಡಿದರು. ಆ ಸುದ್ದಿ ತಿಳಿದೊಡನೆಯೇ ಹಾಲ್-ಎಡ್ವರ್ಡ್ಸ್ ಪ್ರಯೋಗಗಳಲ್ಲಿ ತೊಡಗಿದರು. 1896ರ ಜನವರಿ 11ರಂದು ಸಹೋದ್ಯೋಗಿಯೊಬ್ಬರ ಕೈಯಲ್ಲಿ ಹೊಕ್ಕಿದ್ದ ಸೂಜಿಯ ಚಿತ್ರವನ್ನು ತೆಗೆದರು. ಫೆಬ್ರವರಿ 14ರಂದು ಅವರು ತೆಗೆದ ಚಿತ್ರದ ನೆರವಿನಿಂದ ಶಸ್ತ್ರಚಿಕಿತ್ಸೆಯೊಂದು ನಡೆಯಿತು. ಕ್ಷಕಿರಣವು ಶಸ್ತ್ರವೈದ್ಯರಿಗೆ ದಾರಿ ತೋರಿದ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಚಿತ್ರವನ್ನು ತೆಗೆಯುವುದಕ್ಕಿಂತ ಅದನ್ನು ಅರ್ಥೈಸುವುದು ಕಠಿಣವಾದ ವಿದ್ಯೆ. ಕಿರಣಗಳು ಮಾಂಸವನ್ನು ಸುಲಭವಾಗಿ ದಾಟುತ್ತವೆ. ಮೂಳೆ ಮತ್ತು ಲೋಹಗಳು ಅವನ್ನು ತಡೆಯುತ್ತವೆ. ಚಿತ್ರದಲ್ಲಿ ಕಾಣುವುದು ಆ ತಡೆಯಿಂದಾದ ನೆರಳು. ದೇಹದಲ್ಲಿ ಸೇರಿದ ಗುಂಡು ಎಷ್ಟು ಆಳದಲ್ಲಿದೆಯೆಂಬುದು ಒಂದೇ ಚಿತ್ರದಿಂದ ತಿಳಿಯದು. ಬೇರೊಂದು ದಿಕ್ಕಿನಿಂದಲೂ ಚಿತ್ರ ತೆಗೆದು ಎರಡನ್ನೂ ಹೋಲಿಸಬೇಕು. ಈ ವಿದ್ಯೆಯಲ್ಲಿ ಪರಿಣತರಾದ ಹಾಲ್-ಎಡ್ವರ್ಡ್ಸ್, ಬೋಯರ್ ಯುದ್ಧದ ಕಾಲದಲ್ಲಿ ದಕ್ಷಿಣ ಆಫ್ರಿಕಕ್ಕೆ ತೆರಳಿದರು. 1900ರಲ್ಲಿ ಅಲ್ಲಿನ ಡೀಲ್‌ಫಾಂಟೇನ್ ಎಂಬಲ್ಲಿದ್ದ ಸೈನಿಕ ಆಸ್ಪತ್ರೆಯಲ್ಲಿ ಗಾಯಾಳುಗಳ ಸೇವೆಗೆ ನಿಂತರು.

ಆದರೆ ಈ ಕಿರಣಗಳ ಅಪಾಯವು ಆ ಕಾಲದವರಿಗೆ ಸರಿಯಾಗಿ ತಿಳಿದಿರಲಿಲ್ಲ. ಕಣ್ಣಿಗೆ ಕಾಣದ ಕಿರಣಗಳು ನೋವಿಲ್ಲದೆಯೇ ಮೈಯನ್ನು ಹೊಕ್ಕುತ್ತಿದ್ದವು. ಅವುಗಳ ದುಷ್ಪರಿಣಾಮ ತೋರುವ ವೇಳೆಗೆ ಕಾಲ ಮಿಂಚಿರುತ್ತಿತ್ತು. ಹಲವು ವರ್ಷಗಳ ಕಾಲ ಕಿರಣಗಳಿಗೆ ಒಡ್ಡಿದ ಹಾಲ್-ಎಡ್ವರ್ಡ್ಸರ ಕೈಗಳಲ್ಲಿ ವಾಸಿಯಾಗದ ಹುಣ್ಣುಗಳು ಕಾಣಿಸಿಕೊಂಡವು. ಅವರು ತಮ್ಮ ಯಾತನೆಯನ್ನು ಬಚ್ಚಿಡಲಿಲ್ಲ. ಈ ಹುಣ್ಣುಗಳನ್ನು ಕುರಿತು ಬರೆದು ಇತರ ವೈದ್ಯರನ್ನು ಎಚ್ಚರಿಸಿದರು. 1908ರಲ್ಲಿ ಅವರ ಎಡಗೈಯನ್ನು ಕತ್ತರಿಸಬೇಕಾಯಿತು. ಬಲಗೈಯಲ್ಲಿಯೂ ಹೆಬ್ಬೆರಳೊಂದನ್ನುಳಿದು ಮಿಕ್ಕ ಬೆರಳುಗಳು ಹೋದವು. ಕತ್ತರಿಸಿದ ತಮ್ಮ ಎಡಗೈಯನ್ನು ವೈದ್ಯಕೀಯ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಬರ್ಮಿಂಗ್‌ಹ್ಯಾಮಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ತಮ್ಮ ನಷ್ಟವೂ ಇತರರಿಗೆ ಪಾಠವಾಗಲೆಂಬುದು ಅವರ ಉದಾರ ಬುದ್ಧಿ.

1926ರ ಆಗಸ್ಟ್ 15ರಂದು ಹಾಲ್-ಎಡ್ವರ್ಡ್ಸ್ ನಿಧನರಾದರು. ಕ್ಷಕಿರಣ ಮತ್ತು ರೇಡಿಯಂ ಸಂಬಂಧದ ಕಾರ್ಯದಲ್ಲಿ ಪ್ರಾಣತೆತ್ತವರ ನೆನಪಿಗಾಗಿ 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಸ್ಮಾರಕವೊಂದನ್ನು ನಿಲ್ಲಿಸಲಾಯಿತು. ಅದರ ಮೇಲೆ ಅವರ ಹೆಸರೂ ಇದೆ. ಇಂದು ಕ್ಷಕಿರಣ ಕೊಠಡಿಗಳಲ್ಲಿ ಸೀಸದ ತಡೆಗಳಿವೆ. ಕೆಲಸಗಾರರ ಮೈಗೆ ತಗಲುವ ಕಿರಣಗಳನ್ನು ಅಳೆಯುವ ಸಾಧನಗಳಿವೆ. ಹಾಲ್-ಎಡ್ವರ್ಡ್ಸ್ ಮತ್ತು ಅವರಂಥವರು ಪಟ್ಟ ಪಾಡಿನಿಂದ ಜಗತ್ತು ಈ ಎಚ್ಚರಿಕೆಯನ್ನು ಕಲಿಯಿತು.