ಪ್ರಶ್ನೆ ಕೇಳಿದವರು ಎಸ್ತರ್ ಕ್ಲೈನ್

ಗಣಿತಜ್ಞೆ ಎಸ್ತರ್ ಕ್ಲೈನ್ ಅವರು 1910ರ ಫೆಬ್ರವರಿ 20ರಂದು ಹಂಗೇರಿಯ ರಾಜಧಾನಿ ಬುಡಾಪೆಸ್ಟಿನಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದರು. ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸೀಟು ಕಡಿಮೆ ಮಾಡುವ ಕಾನೂನು ಅಲ್ಲಿ 1920ರಲ್ಲೇ ಬಂದಿತ್ತು. ಅಂಥ ಕಾಲದಲ್ಲಿ ಎಸ್ತರ್ ಭೌತಶಾಸ್ತ್ರ ಓದಿದರು. ಓದು ಮುಗಿಸಿದರೂ ಕೆಲಸ ಸಿಗುವ ಭರವಸೆ ಇರಲಿಲ್ಲ.

ಆ ದೇಶದಲ್ಲಿ ಹೈಸ್ಕೂಲು ಮಕ್ಕಳಿಗೆಂದೇ ಗಣಿತದ ಒಂದು ಮಾಸಪತ್ರಿಕೆ ಬರುತ್ತಿತ್ತು. ಲೆಕ್ಕ ಬಿಡಿಸಿದವರ ಹೆಸರು, ಫೋಟೋ ಅದರಲ್ಲಿ ಅಚ್ಚಾಗುತ್ತಿದ್ದವು. (ನಮ್ಮಲ್ಲಿ ಫೋಟೋ ಬರುವುದು ರ‍್ಯಾಂಕ್ ಬಂದಾಗ ಮಾತ್ರ.) ಹಾಗೆ ಪರಿಚಯವಾದ ಹುಡುಗ ಹುಡುಗಿಯರು ದೊಡ್ಡವರಾದ ಮೇಲೂ ಊರಿನ ಪಾರ್ಕಿನಲ್ಲಿ ಸೇರಿ ಗಣಿತ ಮಾತಾಡುತ್ತಿದ್ದರು. ಹೆಸರು ಗೊತ್ತಿಲ್ಲದ ಒಬ್ಬ ಹಳೆಯ ಚರಿತ್ರೆಕಾರನ ಪ್ರತಿಮೆಯ ಬಳಿ ಅವರ ಬೈಠಕ್. ಮುಂದೆ ಜಗತ್ತಿಗೇ ಹೆಸರಾದ ಪಾಲ್ ಏರ್ಡಿಶ್, ಕೆಮಿಕಲ್ ಎಂಜಿನಿಯರಿಂಗ್ ಓದಿದ್ದ ಜಾರ್ಜ್ ಸೆಕೆರೆಶ್ ಇಬ್ಬರೂ ಆ ಗುಂಪಿನವರು.

1933ರ ಸುಮಾರಿಗೆ ಎಸ್ತರ್ ಅವರ ಮುಂದೆ ಒಂದು ಪ್ರಶ್ನೆ ಇಟ್ಟರು. ಅದನ್ನು ನಮ್ಮ ತೋಟದಲ್ಲೇ ನೋಡಬಹುದು. ಯಾವ ಮೂರೂ ಒಂದೇ ಗೆರೆಯಲ್ಲಿ ಬಾರದಂತೆ ಐದು ತೆಂಗಿನಮರ ಆರಿಸಿ. ಅವುಗಳಲ್ಲಿ ಯಾವುದೋ ನಾಲ್ಕು ಮರ ಸೇರಿ, ಮೂಲೆ ಒಳಕ್ಕೆ ಮಡಚಿಕೊಳ್ಳದ ಒಂದು ಚತುರ್ಭುಜ ಆಗಲೇಬೇಕು ಎಂದರು ಎಸ್ತರ್. ಯಾಕೆ? ಐದೂ ಮರ ಸೇರುವಂತೆ ಹೊರಗಿನಿಂದ ಹಗ್ಗ ಬಿಗಿಯಿರಿ. ಹಗ್ಗ ನಾಲ್ಕೋ ಐದೋ ಮರಕ್ಕೆ ತಗುಲಿದರೆ ಮುಗಿಯಿತು. ಮೂರಕ್ಕೆ ಮಾತ್ರ ತಗುಲಿದರೆ ಎರಡು ಮರ ಒಳಗಿರುತ್ತವೆ. ಆ ಎರಡನ್ನೂ ಹಾಯ್ದು ನೇರ ಗೆರೆ ಎಳೆಯಿರಿ. ಹೊರಗಿನ ಮೂರರಲ್ಲಿ ಎರಡು ಮರ ಗೆರೆಯ ಒಂದೇ ಕಡೆ ಬರುತ್ತವೆ. ಆ ಎರಡು, ಒಳಗಿನ ಎರಡು ಸೇರಿದರೆ ಚತುರ್ಭುಜ ಸಿಕ್ಕಿತು. ಕಾಮರ್ಸ್ ಓದುವ ನನಗೂ ಇದು ಅರ್ಥವಾಯಿತು, ನಿಮಗೂ ಆಗುತ್ತದೆ.

ಐದು ಮೂಲೆಗೆ ಎಷ್ಟು ಮರ ಬೇಕು? ಆರಕ್ಕೆ? ಎಷ್ಟೇ ಮೂಲೆ ಕೇಳಿದರೂ, ಸಾಕಷ್ಟು ಮರಗಳಿದ್ದರೆ ಸಿಕ್ಕೇ ಸಿಗುತ್ತದೆಯೇ? ಇದಕ್ಕೆ ಉತ್ತರ ಹುಡುಕುತ್ತಾ ಸೆಕೆರೆಶ್ ಗ್ರಾಫ್ ಸಿದ್ಧಾಂತದ ಒಂದು ದೊಡ್ಡ ಫಲಿತಾಂಶವನ್ನು ಮುಟ್ಟಿದರು. ಇಲ್ಲಿ ಗ್ರಾಫ್ ಎಂದರೆ ನಮ್ಮ ಅರ್ಥಶಾಸ್ತ್ರದ ಬೇಡಿಕೆ ರೇಖೆಯಲ್ಲ, ಚುಕ್ಕಿಗಳನ್ನು ಗೆರೆಗಳಿಂದ ಸೇರಿಸಿದ ಜಾಲ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಯಾರಾದರೂ ಆರು ಜನರನ್ನು ನಿಲ್ಲಿಸಿದರೆ, ಅವರಲ್ಲಿ ಮೂವರು ಪರಸ್ಪರ ಪರಿಚಿತರಾಗಿರುತ್ತಾರೆ, ಇಲ್ಲವೇ ಮೂವರು ಪರಸ್ಪರ ಅಪರಿಚಿತರಾಗಿರುತ್ತಾರೆ. ಇಂಥ ನಿಯಮವನ್ನು ಇಂಗ್ಲೆಂಡಿನ ಫ್ರಾಂಕ್ ರಾಮ್ಸೆ ಮೊದಲೇ ಕಂಡುಹಿಡಿದಿದ್ದು ಈ ಗೆಳೆಯರಿಗೆ ಗೊತ್ತಿರಲಿಲ್ಲ.

1935ರಲ್ಲಿ ಪ್ರಬಂಧ ಅಚ್ಚಾಯಿತು, ಏರ್ಡಿಶ್ ಮತ್ತು ಸೆಕೆರೆಶ್ ಹೆಸರಿನಲ್ಲಿ. ಪ್ರಶ್ನೆ ಎಸ್ತರ್ ಅವರದೆಂದು ಒಳಗೆ ಬರೆದಿದ್ದಾರೆ, ನಿಜ. ಆದರೂ ಜಮಾ ಯಾರ ಖಾತೆಗೆ ಹೋಗಬೇಕೆಂದು ದಿನಾ ಓದುವ ನನಗೆ ಈ ಲೆಕ್ಕ ಪೂರ್ತಿ ಸರಿ ಅನಿಸಲಿಲ್ಲ. ಗ್ರಾಫಿನಲ್ಲಿ ನಾಲ್ಕು ಗೆರೆಗಳ ಸುತ್ತು ಬಾರದಂತೆ ಎಷ್ಟು ಗೆರೆ ಎಳೆಯಬಹುದು ಎಂಬುದಕ್ಕೂ ಎಸ್ತರ್ ಒಂದು ಉದಾಹರಣೆ ಕಟ್ಟಿಕೊಟ್ಟರು. ಏರ್ಡಿಶ್ 1938ರ ತಮ್ಮ ಪ್ರಬಂಧದಲ್ಲಿ ಅದನ್ನು ಅವರ ಹೆಸರು ಹೇಳಿಯೇ ಬಳಸಿದ್ದಾರೆ.

1937ರಲ್ಲಿ ಎಸ್ತರ್ ಮತ್ತು ಸೆಕೆರೆಶ್ ಮದುವೆಯಾದರು. ಅದಕ್ಕೇ ಏರ್ಡಿಶ್ ಆ ಲೆಕ್ಕಕ್ಕೆ ಸುಖಾಂತ್ಯದ ಸಮಸ್ಯೆ ಎಂದು ಹೆಸರಿಟ್ಟರು. ಆದರೆ ಸುಖ ಅಷ್ಟು ಬೇಗ ಬರಲಿಲ್ಲ. ನಾಜಿಗಳ ಭಯಕ್ಕೆ ಇಬ್ಬರೂ ದೇಶ ಬಿಟ್ಟು ಚೀನಾದ ಶಾಂಘೈಗೆ ಹೋದರು. ಗಂಡನಿಗೆ ಚರ್ಮದ ಕಾರ್ಖಾನೆಯಲ್ಲಿ ಕೆಲಸ. ಯುದ್ಧ, ಜಪಾನಿ ಸೈನ್ಯದ ಆಡಳಿತ, ಅದರ ನಡುವೆ ಮಗ ಹುಟ್ಟಿದ. 1948ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದಾಗ, ಹಳೆಯ ಗುಂಪಿನ ಗೆಳತಿ ಮಾರ್ತಾ ಸ್ವೇಡ್ ಅವರ ಕುಟುಂಬದ ಜೊತೆ ಒಂದೇ ಮನೆಯಲ್ಲಿ ಮೂರು ವರ್ಷ ಇದ್ದರು.

1964ರಲ್ಲಿ ಸಿಡ್ನಿಗೆ ಹೋದ ಮೇಲೆ ಎಸ್ತರ್ ಮೆಕ್ವಾರಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಶಾಲಾ ಮಕ್ಕಳನ್ನು ವಾರವಾರ ಕೂಡಿಸಿ ಕಷ್ಟದ ಲೆಕ್ಕ ಬಿಡಿಸುವ ತರಗತಿಗಳಲ್ಲೂ ಇದ್ದರು. 1990ರಲ್ಲಿ ಮೆಕ್ವಾರಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ಅವರಿಗೆ ಎಂಬತ್ತು ವರ್ಷ.

2005ರ ಆಗಸ್ಟ್ 28ರಂದು ಅಡಿಲೇಡಿನಲ್ಲಿ ಗಂಡ ಹೆಂಡತಿ ಒಂದು ಗಂಟೆಯೊಳಗೆ, ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಆರು ಮೂಲೆಗೆ 17 ಚುಕ್ಕಿ ಸಾಕೆಂದು ಸೆಕೆರೆಶ್ ಮತ್ತು ಲಿಂಡ್ಸೆ ಪೀಟರ್ಸ್ ಕಂಪ್ಯೂಟರಿನಿಂದ ಸಾಧಿಸಿದ ಪ್ರಬಂಧ ಅಚ್ಚಾದದ್ದು ಮರುವರ್ಷ. ಏಳು ಮೂಲೆಗೆ 33 ಸಾಕೆಂದು ಊಹೆ ಇದೆ. ಅದನ್ನು ಇನ್ನೂ ಯಾರೂ ಸಾಧಿಸಿಲ್ಲ.